ಬೆಸುಗೆ ಬಿಡಿಸುವ ಸಾಮಾನು: ಬ್ಯಾಡಗಿಯ ಕಾಟಾ ರಿಪೇರಿ ಮೇಜಿನಿಂದ

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ಹಾಗೆ ಹೇಳುವವರು ಒಮ್ಮೆ ನಮ್ಮ ಅಂಗಡಿಗೆ ಬಂದು, ಮಾರ್ಕೆಟ್ಟಿನಿಂದ ಬಂದ ಕಾಟಾದ, ಅಂದರೆ ಎಲೆಕ್ಟ್ರಾನಿಕ್ ತೂಕದ ಯಂತ್ರದ, ಸರ್ಕ್ಯೂಟ್ ಬೋರ್ಡಿನ ಮೇಲೆ ಬಿಸಿಗಾಳಿ ಬಿಟ್ಟು ನೋಡಲಿ. ಎರಡೇ ನಿಮಿಷಕ್ಕೆ ಒಳಗಿದ್ದವರೆಲ್ಲ ಕೆಮ್ಮುತ್ತಾ ರಸ್ತೆಗೆ ಇಳಿಯುತ್ತಾರೆ. ಡಬ್ಬಿಯೊಳಗೆ, ಬೋರ್ಡಿನ ಸಂದಿಗೊಂದಿಯಲ್ಲಿ ವರ್ಷಗಟ್ಟಲೆ ಕೂತ ಕೆಂಪು ಪುಡಿ ಅದು. ಬಿಸಿ ತಾಗಿತೋ, ಒಗ್ಗರಣೆಯಲ್ಲಿ ಮೆಣಸಿನಕಾಯಿ ಸೀದ ಹಾಗೆ ಘಾಟು ಏಳುತ್ತದೆ. ಮೊದಲ ಸಲ ಹಾಗಾದಾಗ ಪಕ್ಕದ ಅಂಗಡಿಯ ಟೇಲರ್ ಹೊಲಿಗೆ ಬಿಟ್ಟು ಎದ್ದು ಬಂದು, "ಅಕ್ಕಾರ, ರಿಪೇರಿ ಮಾಡಾಕತ್ತೀರೋ, ಚಟ್ನಿ ಮಾಡಾಕತ್ತೀರೋ?" ಅಂತ ಕೇಳಿದ್ದ.

ನಮ್ಮದು ಕಾಟಾ ರಿಪೇರಿ ಅಂಗಡಿ. ಅಪ್ಪ ತಕ್ಕಡಿ, ತೂಕದ ಕಲ್ಲಿನ ಕಾಲದಿಂದ ಈ ಕೆಲಸದಲ್ಲಿದ್ದಾರೆ. ಲೈಸೆನ್ಸ್ ಅವರ ಹೆಸರಿನಲ್ಲಿದೆ. ನಾನು ಐಟಿಐ ಮುಗಿಸಿ ಅವರ ಎದುರಿನ ಕುರ್ಚಿಯಲ್ಲಿ ಕೂತು ಹದಿನಾಲ್ಕು ವರ್ಷ ಆಯಿತು. ಸೀಸನ್ನಿನಲ್ಲಿ ಕಾಟಾ ಕೆಟ್ಟರೆ ದಲಾಲರಿಗೆ ಒಂದು ದಿನ ಕಾಯೋದಕ್ಕೂ ಆಗುವುದಿಲ್ಲ. ಹಮಾಲರು ಕಾಟಾವನ್ನು ಹೆಗಲ ಮೇಲೆ ಹೊತ್ತು ತಂದು ಮೇಜಿನ ಮೇಲೆ ಧಪ್ ಅಂತ ಇಡುತ್ತಾರೆ. ಅಲ್ಲೇ ಇನ್ನೊಂದು ಬೆಸುಗೆ ಬಿಟ್ಟಿರುತ್ತದೆ, ಆ ಮಾತು ಬೇರೆ.

ಕಾಟಾದಲ್ಲಿ ಕೆಡುವುದು ಹೆಚ್ಚಾಗಿ ಮೂರು ಕಡೆ. ಚಾರ್ಜರ್ ಪಿನ್ ಚುಚ್ಚುವ ಸಾಕೆಟ್. 6 ವೋಲ್ಟ್ ಬ್ಯಾಟರಿಯ ಚಾರ್ಜಿಂಗ್ ಭಾಗ. ಆಮೇಲೆ ಡಿಸ್‌ಪ್ಲೇ, ಅಂದರೆ ಕೆಂಪಗೆ ಉರಿಯುವ ಅಂಕಿಗಳು. ಮೂರರಲ್ಲೂ ಮೊದಲ ಕೆಲಸ ಹಳೆಯದನ್ನು ಬೋರ್ಡಿನಿಂದ ಕೀಳುವುದು. ಕಿತ್ತಾಗ ಬೋರ್ಡ್ ಉಳಿದರೆ ಮುಂದಿನದು ಐದು ನಿಮಿಷದ ಮಾತು. ಹಾಗಾಗಿ ಬೆಸುಗೆ, ಅಂದರೆ ಬಿಡಿಭಾಗದ ಕಾಲನ್ನು ಬೋರ್ಡಿಗೆ ಹಿಡಿದಿಟ್ಟ ಲೋಹ, ಅದನ್ನು ಬಿಡಿಸುವ ಸಾಮಾನಿನ ಮೇಲೆ ನಾನು ಸಾಕಷ್ಟು ದುಡ್ಡು ಸುರಿದಿದ್ದೇನೆ. ಕೆಲವಕ್ಕೆ ಸುಮ್ನೆ ಸುರಿದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನಾನು ಮೊಬೈಲ್ ರಿಪೇರಿಯವಳಲ್ಲ. ತೂತಿನಲ್ಲಿ ಬಿಡಿಭಾಗದ ಕಾಲು ಇಳಿಸಿ ಬೆಸುಗೆ ಹಾಕಿದ ದೊಡ್ಡ ಬೋರ್ಡುಗಳೇ ನನ್ನ ಪಾಲಿಗೆ ಬರುವುದು. ಬರೆದಿರುವುದೂ ಅವುಗಳ ಲೆಕ್ಕದಲ್ಲೇ.

ಅಪ್ಪನ ಪದ್ಧತಿಯಲ್ಲಿ ಸಾಮಾನೇ ಬೇಡ. ಬೆಸುಗೆ ಕರಗಿಸು, ಬೋರ್ಡನ್ನು ಮೇಜಿನ ಅಂಚಿಗೆ ಟಕ್ ಅಂತ ಬಡಿ, ಕರಗಿದ್ದು ಸಿಡಿದು ಹೋಗುತ್ತದೆ. ನಮ್ಮ ಮೇಜಿನ ತುಂಬ ಆ ಬೆಳ್ಳಿ ಚುಕ್ಕೆಗಳಿವೆ. ಅಪ್ಪನ ಬಲಗಾಲಿನ ಮೇಲೂ ಎರಡು ಕಲೆ ಇವೆ. ಒಂದೇ ಬದಿ ತಾಮ್ರ ಇರುವ ಹಳೆ ಬೋರ್ಡಿಗೆ ಅದು ನಡೆಯುತ್ತಿತ್ತು. ಈಗಿನ ಬೋರ್ಡಿನಲ್ಲಿ ಎರಡೂ ಬದಿ ತಾಮ್ರ, ತೂತಿನ ಒಳಗೋಡೆಗೂ ತಾಮ್ರ. ಬೆಸುಗೆ ಆ ತೂತಿನ ಉದ್ದಕ್ಕೂ ಕೊಳವೆಯ ಹಾಗೆ ತುಂಬಿರುತ್ತದೆ. ಬಡಿದರೆ ಮೇಲಿನದು ಹಾರುತ್ತದೆ, ಒಳಗಿನದು ಅಲ್ಲೇ ಗಟ್ಟಿಯಾಗುತ್ತದೆ. ಆಮೇಲೆ ಎಳೆದರೆ ಒಳಗೋಡೆಯ ತಾಮ್ರವೂ ಕಾಲಿನ ಜೊತೆಗೇ ಬರುತ್ತದೆ.

ಇನ್ನು ನೀಲಿ ಪಂಪ್. ಅಂಗಡಿಯಲ್ಲಿ ಸಕ್ಕರ್ ಅಂತ ಕೇಳಿದರೆ ಕೊಡುವುದು ಇದನ್ನೇ. ಬೆರಳಿನಿಂದ ಒತ್ತಿ ಸ್ಪ್ರಿಂಗ್ ಕೂರಿಸಬೇಕು, ಬೆಸುಗೆ ಕರಗಿಸಬೇಕು, ಗುಂಡಿ ಒತ್ತಬೇಕು. ಸಟ್ ಅಂತ ಎಳೆದುಕೊಳ್ಳುತ್ತದೆ. ನಾನು ಕೊಟ್ಟಿದ್ದು 120 ರೂಪಾಯಿ. ಒಂದೇ ಸಾಮಾನು ಇಟ್ಟುಕೊಳ್ಳಿ ಅಂತ ಯಾರಾದರೂ ಕಟ್ಟಿಹಾಕಿದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ. ಆದರೆ ನೋಡಿ ತರಬೇಕು. ಒಂದೇ ಡಬ್ಬದಲ್ಲಿ ಇಟ್ಟ ಹತ್ತು ಪಂಪಿನಲ್ಲಿ ಹತ್ತೂ ಒಂದೇ ಥರ ಇರುವುದಿಲ್ಲ.

ನಾನು ಹುಬ್ಬಳ್ಳಿಗೆ ರೈಲಿನಲ್ಲಿ ಹೋಗಿ ಕೊಪ್ಪೀಕರ್ ರೋಡಿನ ಹತ್ತಿರದ ಒಂದು ಸಣ್ಣ ಅಂಗಡಿಯಲ್ಲಿ ತರುತ್ತೇನೆ. ಆ ಅಂಗಡಿಯ ಮುದುಕರು ಸಾಮಾನನ್ನು ಮುಟ್ಟಿ ನೋಡಲು ಬಿಡುತ್ತಾರೆ, ಅದಕ್ಕೇ ಅಲ್ಲಿಗೆ ಹೋಗುವುದು. ಪಂಪಿನ ಸ್ಪ್ರಿಂಗ್ ಕೂರಿಸಿ, ಮೂತಿಗೆ ಹೆಬ್ಬೆರಳು ಒತ್ತಿ ಹಿಡಿದು, ಗುಂಡಿ ಒತ್ತಿ. ದಂಡ ಒಮ್ಮೆಗೇ ಟಪ್ ಅಂತ ಮೇಲೆ ಬಂದರೆ ಒಳಗಿನ ರಬ್ಬರ್ ರಿಂಗ್ ಸಡಿಲ, ಗಾಳಿ ಸೋರುತ್ತದೆ ಅಂತ ಅರ್ಥ. ಬೆರಳನ್ನು ಜಗ್ಗಿ ಹಿಡಿದು, ದಂಡ ಅರ್ಧಕ್ಕೆ ನಿಂತರೆ ಅಥವಾ ನಿಧಾನ ಮೇಲೆ ಬಂದರೆ ಅದು ಒಳ್ಳೆಯ ಪಂಪ್. ಹೋದ ಸಲ ಏಳು ಪಂಪ್ ಹೀಗೆ ನೋಡಿ ಒಂದನ್ನು ಆರಿಸಿದೆ. "ಕುಂಬಳಕಾಯಿ ಬಡದು ನೋಡಿದಂಗ ನೋಡ್ತೀಯಲ್ಲವ್ವಾ" ಅಂದರು ಮುದುಕರು. ಆದರೂ ಏಳನ್ನೂ ತೆಗೆದು ಕೊಟ್ಟರು.

ಇದರ ತೊಂದರೆ ಒದೆತ. ಸ್ಪ್ರಿಂಗ್ ಬಿಟ್ಟಾಗ ಇಡೀ ಪಂಪ್ ಕೈಯಲ್ಲಿ ಕುಪ್ಪಳಿಸುತ್ತದೆ. ಗಟ್ಟಿ ಮೂತಿ ಬಿಸಿ ಪ್ರಿಂಟಿನ, ಅಂದರೆ ಬೋರ್ಡಿಗೆ ಅಂಟಿಸಿದ ತೆಳು ತಾಮ್ರದ, ಮೇಲೆ ಬಡಿಯುತ್ತದೆ. ಬಿಸಿ ಇದ್ದಾಗ ಪ್ರಿಂಟಿನ ಅಂಟು ಮೊದಲೇ ಮೆತ್ತಗಾಗಿರುತ್ತದೆ. ಎದ್ದು ಬರಲು ಅಷ್ಟು ಸಾಕು. ಅದಕ್ಕೆ ನಾನು ಪಂಪಿನ ಮೂತಿಗೆ ಅರ್ಧ ಇಂಚಿನ ಸಿಲಿಕೋನ್ ಪೈಪ್ ತೊಡಿಸಿದ್ದೇನೆ. ಸಿಲಿಕೋನ್ ಬಿಸಿಗೆ ಕರಗುವುದಿಲ್ಲ. ಬೆಸುಗೆ ಕರಗಿಸುವ ಐರನ್ನಿನ ಮೊನೆಯ ಮೇಲೇ ಒತ್ತಿ ಹಿಡಿದರೂ ಸುತ್ತ ಕಚ್ಚಿಕೊಂಡು ಕೂರುತ್ತದೆ, ಗಾಳಿ ಅಕ್ಕಪಕ್ಕ ತಪ್ಪುವುದಿಲ್ಲ. ಗಟ್ಟಿ ಮೂತಿಯಲ್ಲಿ ಐರನ್ ತೆಗೆದು ಪಂಪ್ ತರುವ ಅರ್ಧ ಸೆಕೆಂಡಿನಲ್ಲೇ ಬೆಸುಗೆ ಆರಿಬಿಡುತ್ತದೆ. ಪೈಪ್ ಇದ್ದರೆ ಆ ತಕರಾರೇ ಇಲ್ಲ.

ಈ ಪೈಪಿನ ಉಪಾಯವನ್ನೇ ಕಾರ್ಖಾನೆಯಿಂದ ಮಾಡಿ ಕೊಡುವುದು ಜಪಾನಿನ ಎಂಜಿನಿಯರ್ ಕಂಪನಿಯ ಎಸ್‌ಎಸ್-02. ಗಿಡ್ಡ ಅಲ್ಯೂಮಿನಿಯಂ ಮೈ, ಮುಂದೆ ಸಿಲಿಕೋನ್ ಮೂತಿ. ಅಂಗೈಯಲ್ಲಿ ಮುಚ್ಚಿ ಹಿಡಿಯಬಹುದು. ನನ್ನ ಕೈ ಸಣ್ಣದು, ನೀಲಿ ಪಂಪನ್ನು ಒಂದೇ ಕೈಯಲ್ಲಿ ಕೂರಿಸಲು ಹೊಟ್ಟೆಗೆ ಒತ್ತಿಕೊಳ್ಳಬೇಕಾಗುತ್ತಿತ್ತು. ಇದನ್ನು ಹೆಬ್ಬೆರಳಿನಲ್ಲೇ ಕೂರಿಸುತ್ತೇನೆ. ಆದರೆ ನನಗೆ ಬಿದ್ದಿದ್ದು ಎರಡು ಸಾವಿರದ ಹತ್ತಿರ. ನೀಲಿ ಪಂಪಿನ ಹದಿನಾರು ಪಟ್ಟು! ಹದಿನಾರು ಪಟ್ಟು ಕೆಲಸ ಮಾಡುತ್ತದಾ? ಇಲ್ಲ. ಸಂಜೆಗೆ ಹೆಬ್ಬೆರಳು ನೋಯುವುದಿಲ್ಲ, ಪ್ರಿಂಟ್ ಏಳುವುದು ಕಡಿಮೆಯಾಗಿದೆ. ದಿನಾ ಇದೇ ಕೆಲಸ ಮಾಡುವವರು ತೆಗೆದುಕೊಳ್ಳಿ. ವಾರಕ್ಕೊಮ್ಮೆ ರೇಡಿಯೋ ಬಿಚ್ಚುವವರಿಗೆ ನೀಲಿ ಪಂಪು, ಅದಕ್ಕೊಂದು ತುಂಡು ಸಿಲಿಕೋನ್ ಪೈಪು ಧಾರಾಳ ಆಯಿತು.

ಪಂಪ್ ಯಾವುದೇ ಇರಲಿ, ಹೊಸಬರು ನಂಬದ ಒಂದು ವಿಷಯ ಇದೆ. ಬೆಸುಗೆ ತೆಗೆಯುವ ಮೊದಲು ಬೆಸುಗೆ ಹಾಕಬೇಕು. ನಮ್ಮಲ್ಲಿ ಕೆಲಸ ಕಲಿಯಲು ಬಂದ ಹುಡುಗ ಇದನ್ನು ಕೇಳಿ ನಾನು ಚೇಷ್ಟೆ ಮಾಡುತ್ತಿದ್ದೇನೆ ಅಂದುಕೊಂಡಿದ್ದ. ಹಳೆ ಬೆಸುಗೆಯ ಮೇಲೆ ಮಬ್ಬು ಪೊರೆ ಕೂತಿರುತ್ತದೆ, ಐರನ್ನಿನ ಬಿಸಿ ಒಳಗೆ ಇಳಿಯುವುದಿಲ್ಲ. ಹೊಸ ತಂತಿ ಸ್ವಲ್ಪ ತಾಗಿಸಿದರೆ ಅದರೊಳಗಿನ ಫ್ಲಕ್ಸ್, ಅಂದರೆ ರಾಳದಂಥ ಅಂಟು, ಪೊರೆ ಬಿಡಿಸುತ್ತದೆ, ಬಿಸಿ ಸರಾಗ ಹರಿಯುತ್ತದೆ. ಇನ್ನೊಂದು ಕಾರಣವೂ ಇದೆ. 63 ಭಾಗ ತವರ, 37 ಭಾಗ ಸೀಸ ಇರುವ ಬೆಸುಗೆ 183 ಡಿಗ್ರಿಗೆ ಕರಗುತ್ತದೆ. ಈಗ ಬರುವ ಸೀಸವಿಲ್ಲದ ಬೆಸುಗೆ ಕರಗಲು 217 ದಾಟಬೇಕು. ಅದಕ್ಕೆ ಸೀಸದ್ದು ಸ್ವಲ್ಪ ಬೆರೆಸಿದರೆ ಕರಗುವ ಬಿಸಿ ಕೆಳಗಿಳಿಯುತ್ತದೆ, ಪಂಪಿಗೆ ಎಳೆಯಲು ಪುರಸೊತ್ತು ಸಿಗುತ್ತದೆ. ತಮಾಷೆ ಅಂದರೆ, ನಮ್ಮ ಕಡೆ ಬೆಸುಗೆ ತಂತಿಗೆ ಲೆಡ್ ಅಂತಲೇ ಹೆಸರು. ಅಂಗಡಿಗೆ ಹೋಗಿ "ಲೆಡ್ ಇಲ್ಲದ ಲೆಡ್ ಐತೇನ್ರೀ?" ಅಂತ ಕೇಳಿದವರನ್ನು ನಾನೇ ನೋಡಿದ್ದೇನೆ. ಸೀಸದ ತಂತಿ ಮುಟ್ಟಿದ ಕೈಯಲ್ಲಿ ಗಿರ್‌ಮಿಟ್ ತಿನ್ನಬೇಡಿ, ಸೋಪು ಹಚ್ಚಿ ತೊಳೆದುಕೊಳ್ಳಿ. ಇದನ್ನು ಅಪ್ಪನಿಗೆ ದಿನಾ ಹೇಳುತ್ತೇನೆ.

ಈಗ ವಿಕ್. ತಾಮ್ರದ ಸಣ್ಣ ಎಳೆಗಳನ್ನು ಜಡೆಯ ಹಾಗೆ ಹೆಣೆದ ಪಟ್ಟಿ, ಫ್ಲಕ್ಸಿನಲ್ಲಿ ಅದ್ದಿರುತ್ತಾರೆ. ಬೆಸುಗೆಯ ಮೇಲೆ ಇಟ್ಟು ಮೇಲಿಂದ ಐರನ್ ಒತ್ತಿದರೆ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಬೆಸುಗೆಯನ್ನು ಎಳೆದುಕೊಳ್ಳುತ್ತದೆ. ನಾನು ಬಳಸುವುದು ಗೂಟ್ ವಿಕ್, 2.5 ಮಿಲಿಮೀಟರ್ ಅಗಲದ್ದು. ತೆಗೆದುಕೊಳ್ಳುವಾಗ ಬಣ್ಣ ನೋಡಿ. ಹೊಸ ತಾಮ್ರದ ಹಾಗೆ ಮಿನುಗಬೇಕು. ಕಂದು ತಿರುಗಿದ್ದರೆ ಅದು ಬೆಸುಗೆ ಕುಡಿಯುವುದಿಲ್ಲ, ಬರೀ ಬಿಸಿ ಕುಡಿಯುತ್ತದೆ. ಅದೇ ಹೆಸರು ಅಚ್ಚಾದ ನಕಲಿ ಸುರುಳಿಗಳೂ ಮಾರ್ಕೆಟ್ಟಿನಲ್ಲಿವೆ. ನನಗೂ ಒಂದು ಸಿಕ್ಕಿತ್ತು. ಫ್ಲಕ್ಸ್ ಹೆಸರಿಗೂ ಇರಲಿಲ್ಲ. ಎಸೆಯಲು ಮನಸ್ಸಾಗದೆ ಬೇರೆ ಫ್ಲಕ್ಸ್ ಹಚ್ಚಿ ಹಚ್ಚಿ ಮುಗಿಸಿದೆ.

ವಿಕ್ ಬಳಸುವಾಗ ಪಟ್ಟಿಯನ್ನು ಪೆನ್ಸಿಲ್ ರಬ್ಬರಿನ ಹಾಗೆ ಉಜ್ಜಬೇಡಿ. ಪ್ರಿಂಟ್ ಕಿತ್ತು ಬರುತ್ತದೆ. ಇಡಿ, ಒತ್ತಿ, ಬೆಳ್ಳಗಾಗುವುದನ್ನು ನೋಡಿ, ಐರನ್ನು ವಿಕ್ಕು ಎರಡನ್ನೂ ಒಟ್ಟಿಗೇ ಎತ್ತಿ. ಮೊದಲು ಐರನ್ ಎತ್ತಿದಿರೋ, ವಿಕ್ ಬೋರ್ಡಿಗೇ ಅಂಟಿ ಕೂರುತ್ತದೆ. ಐರನ್ನಿನ ಮೊನೆ ಚೂಪಾಗಿದ್ದರೆ ಇದು ಆಗದ ಕೆಲಸ, ಉಳಿಯ ಹಾಗೆ ಚಪ್ಪಟೆ ಮೊನೆ ಬೇಕು. ಬೆರಳು ಸುರುಳಿಯ ಮೇಲಿರಲಿ, ತಾಮ್ರದ ಮೇಲಲ್ಲ. ಇದನ್ನು ಕಲಿಯಲು ನನಗೆ ಒಂದು ಬೊಬ್ಬೆ ಬೇಕಾಯಿತು.

ಪಂಪಿನಿಂದ ಮುಕ್ಕಾಲು ಭಾಗ, ಉಳಿದದ್ದು ವಿಕ್ಕಿನಿಂದ. ಹೀಗೇ ಮಾಡಿಕೊಂಡು ಆರಾಮವಾಗಿದ್ದೆ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಒಂದು 50 ಕಿಲೋ ಕಾಟಾ ಬಂತು. ಲೋಡ್ ಸೆಲ್ಲಿನ, ಅಂದರೆ ತಟ್ಟೆಯ ಕೆಳಗೆ ಭಾರ ಅಳೆಯುವ ಭಾಗದ, ನಾಲ್ಕು ವೈರ್ ಬೋರ್ಡಿಗೆ ಸೇರುವ ಕನೆಕ್ಟರ್ ಹೋಗಿತ್ತು. ಕಿತ್ತು, ವಿಕ್ ಹಾಕಿ ತೂತು ಬಿಡಿಸಿ, ಹೊಸದು ಕೂರಿಸಿದೆ. ಕಾಟಾ ಸರಿಯಾಗಿ ತೂಗಿತು. ಕೊಡೋಣ ಅಂತ ಪಕ್ಕಕ್ಕೆ ಇಟ್ಟು ಚಹಾ ಕುಡಿದು ಬಂದು ನೋಡಿದರೆ, ಖಾಲಿ ತಟ್ಟೆಗೆ 5 ಗ್ರಾಂ ತೋರಿಸುತ್ತಿದೆ. ಸೊನ್ನೆ ಮಾಡಿದೆ. ಹತ್ತು ನಿಮಿಷಕ್ಕೆ ಮತ್ತೆ 5, ಆಮೇಲೆ 10, ಆಮೇಲೆ 15. ಇರುವೆ ಹತ್ತಿದ ಹಾಗೆ ಅಂಕಿ ಮೆಲ್ಲಗೆ ಹತ್ತುತ್ತಿದೆ. ಲೋಡ್ ಸೆಲ್ಲೇ ಹೋಗಿದೆ ಅಂತ ಅಪ್ಪ ಅಂದರು. ಬದಲಾಯಿಸಿ ನೋಡಿದೆವು, ಅದೇ ಕಥೆ.

ಕೊನೆಗೆ ಹೊಳೆದಿದ್ದು ಫ್ಲಕ್ಸ್. ಲೆಕ್ಕ ಹಾಕಿ ನೋಡಿ. ಇಂಥ ಲೋಡ್ ಸೆಲ್ಲಿಗೆ 5 ವೋಲ್ಟ್ ಕೊಟ್ಟರೆ ಪೂರ್ತಿ 50 ಕಿಲೋ ಭಾರಕ್ಕೆ ವಾಪಸ್ ಬರುವುದು 10 ಮಿಲಿವೋಲ್ಟ್ ಆಸುಪಾಸು. ಅದರಲ್ಲಿ 5 ಗ್ರಾಂ ಅಂದರೆ ಹತ್ತು ಸಾವಿರದಲ್ಲಿ ಒಂದು ಪಾಲು, ಒಂದೇ ಒಂದು ಮೈಕ್ರೋವೋಲ್ಟ್. ವಿಕ್ಕಿನಿಂದ ಇಳಿದ ಫ್ಲಕ್ಸ್ ಆ ನಾಲ್ಕು ಕಾಲುಗಳ ನಡುವೆ ಅಂಟಂಟಾಗಿ ಕೂತಿತ್ತು. ಮಳೆಗಾಲದ ತೇವ ಕುಡಿದು ಅದು ಅಷ್ಟಿಷ್ಟು ಕರೆಂಟ್ ಸೋರಿಸುತ್ತಿತ್ತು. ಬಲ್ಬಿನ ಬೋರ್ಡಿನಲ್ಲಿ ಈ ಸೋರಿಕೆ ಯಾರ ಲೆಕ್ಕಕ್ಕೂ ಬರುವುದಿಲ್ಲ. ಕಾಟಾದಲ್ಲಿ ಅದೇ ಮೆಣಸಿನಕಾಯಿಯ ತೂಕ ಆಗುತ್ತದೆ! ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ, ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಕೊಳೆ ಇಳಿದ ದ್ರವವನ್ನು ಬಟ್ಟೆಯಲ್ಲಿ ಒರೆಸಿ ತೆಗೆದು, ಮತ್ತೆ ಇನ್ನೊಮ್ಮೆ ತೊಳೆದೆ. ಒರೆಸದೆ ಬಿಟ್ಟರೆ ಫ್ಲಕ್ಸ್ ಎಲ್ಲೂ ಹೋಗುವುದಿಲ್ಲ, ತೆಳ್ಳಗೆ ಹರಡಿ ಒಣಗುತ್ತದೆ ಅಷ್ಟೇ. ಒಣಗಲು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಸೊನ್ನೆ ಸೊನ್ನೆಯಾಗಿಯೇ ನಿಂತಿತ್ತು. ರಿಪೇರಿಯಾದ ಕಾಟಾಕ್ಕೆ ಸರ್ಕಾರದ ಮುದ್ರೆ ಮತ್ತೆ ಹಾಕಿಸಲೇಬೇಕು. ಆ ಇರುವೆ ಅಂಕಿಯನ್ನು ಅಲ್ಲಿಗೆ ಹೊತ್ತುಕೊಂಡು ಹೋಗಿದ್ದರೆ ಅಪ್ಪನ ಮರ್ಯಾದೆ ಏನಾಗುತ್ತಿತ್ತೋ. ಅಂದಿನಿಂದ ಲೋಡ್ ಸೆಲ್ಲಿನ ಕಡೆ ವಿಕ್ ಒಯ್ಯುವುದಿಲ್ಲ. ಅಲ್ಲಿ ಪಂಪ್ ಮಾತ್ರ.

ನನ್ನ ದಡ್ಡತನದ ಖರೀದಿ ಅಂದರೆ ಬಿಸಿ ಪಂಪ್. ಪಂಪಿನ ಮೂತಿಯಲ್ಲೇ ಹೀಟರ್ ಇರುತ್ತದೆ, ಐರನ್ ಬೇಡ, ಒಂದೇ ಕೈಯಲ್ಲಿ ಕೆಲಸ ಅಂತ ಆಸೆ ಹುಟ್ಟಿಸುವ ಸಾಮಾನು. ಆನ್‌ಲೈನಿನಲ್ಲಿ 900 ರೂಪಾಯಿ ಕೊಟ್ಟು ತರಿಸಿದೆ. ಯಾವ ಕಂಪನಿ ಅಂತ ಬರೆಯುವುದಿಲ್ಲ. ಬಿಸಿಯನ್ನು ಹೆಚ್ಚು ಕಡಿಮೆ ಮಾಡುವ ವ್ಯವಸ್ಥೆ ಅದರಲ್ಲಿ ಇಲ್ಲ. ಸಣ್ಣ ಪ್ರಿಂಟನ್ನು ಸುಡುತ್ತದೆ, ದಪ್ಪ ಕಾಲನ್ನು ಕರಗಿಸುವುದೇ ಇಲ್ಲ. ಮೂರನೇ ದಿನ ಎಳೆದ ಬೆಸುಗೆ ಮೂತಿಯೊಳಗೇ ಗಟ್ಟಿಯಾಗಿ ಕೂತಿತು. ಬಿಸಿ ಇದ್ದಾಗಲೇ ಕಡ್ಡಿ ಹಾಕಿ ಚುಚ್ಚಬೇಕಿತ್ತಂತೆ. ಮೂತಿ ಬಿಚ್ಚಲು ಹೋಗಿ ಥ್ರೆಡ್ ಮುರಿಯಿತು. ಈಗ ಅದರ ಸ್ಪ್ರಿಂಗ್ ಮಾತ್ರ ನಮ್ಮ ಬಾಗಿಲ ಚಿಲಕದಲ್ಲಿ ದುಡಿಯುತ್ತಿದೆ.

ಬಿಸಿಗಾಳಿ ಯಂತ್ರದ ಚಟ್ನಿ ಕಥೆ ಆಗಲೇ ಹೇಳಿದೆ. ಮೇಲ್ಮೈಗೆ ಅಂಟಿಸಿದ ಸಣ್ಣ ಐಸಿ ಚಿಪ್ ಕೀಳಲು ನನಗೆ ಅದೇ ಸುಲಭ. ಈಗ ಮೊದಲು ಬ್ರಷ್ಷಿನಿಂದ ಕೆಂಪು ಪುಡಿಯನ್ನೆಲ್ಲ ಹೊರಗೆ ಝಾಡಿಸಿ, ಆಲ್ಕೋಹಾಲಿನಲ್ಲಿ ಒರೆಸಿ, ಅದು ಪೂರ್ತಿ ಆರಿದ ಮೇಲೆ ಬಾಗಿಲು ತೆಗೆದಿಟ್ಟು ಶುರು ಮಾಡುತ್ತೇನೆ. ಆದರೆ ಡಿಸ್‌ಪ್ಲೇ ಹತ್ತಿರ ಅದನ್ನು ತರಬೇಡಿ. ಅಂಕಿಯ ಮುಖ ಪ್ಲಾಸ್ಟಿಕ್ಕಿನದು, ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಬೇಗ ಕರಗುವ ಬಿಸ್ಮತ್ ಮಿಶ್ರಣಗಳೂ ಸಿಗುತ್ತವೆ, ಚಿಪ್ ಕ್ವಿಕ್ ಅಂಥದ್ದು. ಹಳೆ ಬೆಸುಗೆಗೆ ಬೆರೆಸಿದರೆ ಎಲ್ಲ ಕಾಲೂ ಒಟ್ಟಿಗೇ ತುಂಬ ಹೊತ್ತು ದ್ರವವಾಗಿ ಉಳಿದು ಕನೆಕ್ಟರ್ ತಾನಾಗಿ ಜಾರಿ ಬರುತ್ತದೆ. ಕೆಲಸವಾದ ಮೇಲೆ ಅದನ್ನು ಪೂರ್ತಿ ತೆಗೆಯಬೇಕು, ಉಳಿದರೆ ಹೊಸ ಬೆಸುಗೆಯೂ ಬೇಗ ಕರಗುವಂಥದ್ದೇ ಆಗುತ್ತದೆ. ನನ್ನ ಲೆಕ್ಕಕ್ಕೆ ಅದು ದುಬಾರಿ.

ಇನ್ನು ಎಲ್ಲರೂ ಆಸೆಪಡುವ, ಬೆಸುಗೆ ಕರಗಿಸಿ ಎಳೆಯುವ ಗನ್. ನನ್ನ ಜೊತೆ ಓದಿದ ಗೆಳೆಯ ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಕಾರ್ಖಾನೆ ಮಷಿನ್ನುಗಳ ಬೋರ್ಡ್ ರಿಪೇರಿ ಮಾಡುತ್ತಾನೆ. ಅವನ ಹತ್ತಿರ ಹಕ್ಕೋ ಎಫ್‌ಆರ್-301 ಇದೆ. ಬಿಸಿಯಾಗುವ ಟೊಳ್ಳು ಮೂತಿ, ಗನ್ನಿನೊಳಗೇ ಮೋಟರ್ ಪಂಪ್. "ಒಂದ್ ಸಲ ಹಿಡದು ನೋಡವಾ" ಅಂದ. ಒಂದು ಹಾಳು ಡಿಸ್‌ಪ್ಲೇ ಬೋರ್ಡ್ ಒಯ್ದಿದ್ದೆ. ಆರು ಅಂಕಿ, ಒಂದೊಂದಕ್ಕೆ ಹತ್ತು ಕಾಲು, ಒಟ್ಟು ಅರವತ್ತು. ಮೂತಿಯನ್ನು ಕಾಲಿಗೆ ತೊಡಿಸಿದೆ. ಬೆಸುಗೆ ಕರಗಿತು. ಮೆಲ್ಲಗೆ ಸುತ್ತ ಆಡಿಸಿದೆ. ಕಾಲು ತೂತಿನೊಳಗೆ ಸಡಿಲಾಗಿ ಅಲ್ಲಾಡುವುದು ಕೈಗೆ ತಿಳಿಯುತ್ತದೆ, ಅಂದರೆ ಆಚೆ ಬದಿಯ ಬೆಸುಗೆಯೂ ಕರಗಿದೆ. ಆಗ ಟ್ರಿಗರ್. ಗುರ್ ಅಂದಿತು. ಟ್ರಿಗರ್ ಬಿಡದೆ ಇನ್ನೊಂದು ಸುತ್ತು ಆಡಿಸಿ ಎತ್ತಿದೆ. ತೂತಿನ ಆಚೆಯ ಬೆಳಕು ಕಂಡಿತು! ಕಾಲು ತೂತಿನ ನಡುವೆ ಯಾವ ಗೋಡೆಯನ್ನೂ ಮುಟ್ಟದೆ ನಿಂತಿದೆ. ಕೊನೆಯ ಕಾಲು ಮುಗಿಸಿ ಬೋರ್ಡ್ ತಿರುವಿ ಹಾಕಿದರೆ ಅಂಕಿಗಳು ಪಟಪಟ ಮೇಜಿನ ಮೇಲೆ ಉದುರಿದವು. ಏಳು ನಿಮಿಷ. ಅಂಗಡಿಯಲ್ಲಿ ಪಂಪು ವಿಕ್ಕು ಹಿಡಿದು ನನಗೆ ಇದೇ ಕೆಲಸಕ್ಕೆ ನಲವತ್ತು ನಿಮಿಷ ಬೇಕು.

ವಾಪಸ್ ರೈಲಿನಲ್ಲಿ ಹಾವೇರಿ ದಾಟುವವರೆಗೆ ಬರೀ ಅದೇ ಯೋಚನೆ. ಆಮೇಲೆ ಲೆಕ್ಕ ಹಾಕಿದೆ. ಗನ್ನಿಗೆ ಕಾಲು ಲಕ್ಷ ದಾಟುತ್ತದೆ. ಮೂತಿಯನ್ನು ಆಗಾಗ ಕಡ್ಡಿ ಹಾಕಿ ಬಿಡಿಸಬೇಕು, ಫಿಲ್ಟರ್ ಬದಲಾಯಿಸಬೇಕು. ಸೀಸನ್ನಿನಲ್ಲಿ ವಾರಕ್ಕೆ ಪೂರ್ತಿ ಡಿಸ್‌ಪ್ಲೇ ಕೀಳುವ ಕೆಲಸ ಎರಡು ಬಂದರೆ ಹೆಚ್ಚು. ಒಂದು ಗಂಟೆ ಉಳಿಯಬಹುದು. ಸೀಸನ್ ಮುಗಿದ ಮೇಲೆ ಅದೂ ಇಲ್ಲ. ಗೆಳೆಯನಿಗೆ ದಿನಾ ಅಂಥ ಹತ್ತು ಬೋರ್ಡ್ ಬರುತ್ತವೆ. ಅವನ ಬೋರ್ಡಿನ ಒಂದು ಪ್ರಿಂಟ್ ಎದ್ದರೆ ಹೋಗುವ ದುಡ್ಡಿನಲ್ಲಿ ನಮ್ಮ ಕಡೆ ಹೊಸ ಕಾಟಾನೇ ಬರುತ್ತದೆ. ಅವನಿಗೆ ಅದು ಬೇಕು.

ನಾನು ಆ ದುಡ್ಡಿನಲ್ಲಿ ಸ್ವಲ್ಪ ಭಾಗ ಹಾಕಿ ಬಿಸಿ ಹೊಂದಿಸುವ ಒಳ್ಳೆಯ ಸೋಲ್ಡರಿಂಗ್ ಸ್ಟೇಷನ್ ತೆಗೆದುಕೊಂಡೆ. ಅದಕ್ಕೂ ಮೊದಲು 25 ವ್ಯಾಟಿನ ಸಾದಾ ಐರನ್ನಿನಲ್ಲೇ ಎಲ್ಲ ನಡೆಯುತ್ತಿತ್ತು. ಗ್ರೌಂಡ್ ಕಾಲಿಗೆ ಅಗಲ ತಾಮ್ರ ಸೇರಿರುತ್ತದೆ, ಹಾಕಿದ ಬಿಸಿಯನ್ನೆಲ್ಲ ಅದೇ ಎಳೆದುಕೊಳ್ಳುತ್ತದೆ. ಅರೆಬರೆ ಕರಗಿದ್ದನ್ನು ಪಂಪ್ ಎಳೆಯದಿದ್ದರೆ ನಾನು ಪಂಪನ್ನು ಬೈಯುತ್ತಿದ್ದೆ. ಈಗ 350 ಡಿಗ್ರಿಗೆ ಇಟ್ಟು, ಚಪ್ಪಟೆ ಮೊನೆ ಹಾಕಿ, ಹೊಸ ತಂತಿ ತಾಗಿಸಿ, ಮೂರು ಎಣಿಸುವಷ್ಟರಲ್ಲಿ ಕರಗುತ್ತದೆ. ಹಳೆ ನೀಲಿ ಪಂಪೂ ಹೊಸದರ ಹಾಗೆ ಎಳೆಯುತ್ತಿದೆ.

ಆ ನೀಲಿ ಪಂಪ್ ಈಗ ಅಪ್ಪನ ಕಡೆ ಇದೆ. ಇದೆ ಅಂತ ಹೆಸರಿಗೆ ಮಾತ್ರ. ನಾನು ಊಟಕ್ಕೆ ಮನೆಗೆ ಹೋಗಿ ಬರುವಷ್ಟರಲ್ಲಿ ನನ್ನ ಎಸ್‌ಎಸ್-02 ಜಾಗ ಬದಲಾಯಿಸಿರುತ್ತದೆ. ನಿನ್ನೆಯೂ ಅವರ ಕನ್ನಡಕದ ಡಬ್ಬಿಯ ಕೆಳಗೆ ಸಿಕ್ಕಿತು. ಕೇಳಿದರೆ, "ನಾ ಯಾಕ ಮುಟ್ಲವ್ವಾ ಅದನ್ನ, ನನಗ ಮೇಜಿನ ಅಂಚು ಸಾಕು" ಅಂದರು. ಪಂಪಿನ ಮೈ ಇನ್ನೂ ಬೆಚ್ಚಗಿತ್ತು.